ಮಾಘಮಾಸದ ಹನಿ ಕೇಕ್

ಹನಿ ಕೇಕ್ ಬೇಕರಿ ತಿಂಡಿಗಳಲ್ಲೆಲ್ಲ ಸರಳವಾದದ್ದು. ಅಗಲವಾದ ಟ್ರೇಯಲ್ಲಿ ಒಂದೂವರೆ ಇಂಚು ದಪ್ಪಕ್ಕೆ ಬೇಯಿಸಿದ ಮೆತ್ತನೆಯ ಕೇಕಿಗೆ ಜೇನು ಬೆರೆಸಿದ ಸಕ್ಕರೆ ನೀರು ಕುಡಿಸುತ್ತಾರೆ. ಮೇಲೆ ಕೆಂಪು ಜಾಮ್ ಸವರಿ, ಒಣಕೊಬ್ಬರಿ ತುರಿ ಉದುರಿಸಿ, ಚೌಕ ತುಂಡುಗಳಾಗಿ ಕತ್ತರಿಸುತ್ತಾರೆ. ಕ್ರೀಮಿನ ಗುಲಾಬಿಯಿಲ್ಲ, ಎಲೆ ಬಳ್ಳಿಯ ಅಲಂಕಾರವಿಲ್ಲ. ಇದೇ ಕೇಕನ್ನು ಅಡ್ಡಲಾಗಿ ಎರಡು ಪದರವಾಗಿ ಸೀಳಿ, ನಡುವೆ ಹೂರಣ ತುಂಬಿ ಮುಚ್ಚಿದರೆ ಹಬ್ಬಕ್ಕೆ ತಕ್ಕ ಕೇಕಾಗುತ್ತದೆ. ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳಲ್ಲಿ ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೂ ಅದರ ಹಿಂದೆಮುಂದೆ ಸಾಲುಗಟ್ಟುವ ಮದುವೆಯ ಆನಿವರ್ಸರಿಗಳಿಗೂ ಮನೆಯಲ್ಲೇ ಮಾಡಲು ಇದಕ್ಕಿಂತ ಒಳ್ಳೆಯ ಕೇಕ್ ಇನ್ನೊಂದಿಲ್ಲ.

ಹನಿ ಕೇಕ್ ಈ ಊರುಗಳಿಗೆ ಬಂದದ್ದು ಅಯ್ಯಂಗಾರ್ ಬೇಕರಿಗಳ ಜೊತೆ. ಅಯ್ಯಂಗಾರ್ ಬೇಕರಿಗಳಲ್ಲಿ ಮೊದಲನೆಯದೆಂದು ಹೆಸರು ಪಡೆದಿರುವುದು 1898ರಲ್ಲಿ ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬೆಂಗಳೂರು ಬ್ರದರ್ಸ್ ಬೇಕರಿ. ಜನ ಅದನ್ನು ಬಿ.ಬಿ. ಬೇಕರಿ ಎಂದೇ ಕರೆದರು. ಮೊಟ್ಟೆ ಮುಟ್ಟದ ಮನೆತನದವರು ಒಲೆ ಹಿಡಿದದ್ದರಿಂದ ಮೊಟ್ಟೆಯಿಲ್ಲದ ಬ್ರೆಡ್ಡು, ಬನ್ನು, ಕೇಕುಗಳು ಅಲ್ಲಿ ಹದಗೊಂಡವು. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದವರು ಒಬ್ಬರ ಅಂಗಡಿಯಲ್ಲಿ ಕೆಲಸ ಕಲಿತು, ಇನ್ನೊಂದು ಊರಲ್ಲಿ ಸ್ವಂತದ ಅಂಗಡಿ ಇಟ್ಟರು. ಹೀಗೆ ಈ ಬೇಕರಿಗಳು ರಾಜ್ಯದ ಗಡಿ ದಾಟಿ ಆಂಧ್ರ, ತೆಲಂಗಾಣ, ತಮಿಳುನಾಡಿನ ಪೇಟೆಗಳಿಗೂ ಹಬ್ಬಿದವು. ಆಂಧ್ರದ ಬೋರ್ಡುಗಳ ಮೇಲೆ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂದು ಊರಿನ ಹೆಸರೂ ಸೇರಿರುತ್ತದೆ. ಇಂದು ಆ ಬೋರ್ಡಿನ ಹಿಂದೆ ಇರುವವರೆಲ್ಲ ಅಯ್ಯಂಗಾರರೇ ಆಗಿರಬೇಕೆಂದಿಲ್ಲ. ಆದರೆ ಗಾಜಿನ ಕಪಾಟಿನಲ್ಲಿ ದಿಲ್‌ಪಸಂದ್, ಖಾರಾ ಬನ್, ಬೆಣ್ಣೆ ಬಿಸ್ಕತ್ತು, ಹನಿ ಕೇಕ್ ತಪ್ಪುವುದಿಲ್ಲ.

ಹಿಂದೂಪುರ ಕರ್ನಾಟಕದ ಅಂಚಿಗೇ ಇರುವ ಊರು. ಗೌರಿಬಿದನೂರು ದಾಟಿದರೆ ಹಿಂದೂಪುರ; ಬೆಂಗಳೂರಿನಿಂದ ಧರ್ಮಾವರ, ಗುಂತಕಲ್ ಕಡೆಗೆ ಹೋಗುವ ರೈಲು ಇದೇ ದಾರಿಯಲ್ಲಿ ಹೋಗುತ್ತದೆ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದಾಗ ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಿಂದೂಪುರದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಉತ್ತರಕ್ಕಿರುವ ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಎರಡೂ ಕಡೆ ಸರ್ಕಾರದ ಭಾಷೆ ತೆಲುಗು. ಸಂತೆಗೆ, ಸಂಬಂಧಕ್ಕೆ ಪಾವಗಡ, ಮಧುಗಿರಿ, ಗೌರಿಬಿದನೂರು, ಚಳ್ಳಕೆರೆ ಕಡೆಯ ಕನ್ನಡವೂ ಬೇಕು. ಮಡಕಶಿರಾ, ಅಮರಾಪುರಂ, ರೊಳ್ಳ, ಅಗಳಿಯ ಸುತ್ತ ಮನೆಮಾತೇ ಕನ್ನಡವಾಗಿರುವ ಹಳ್ಳಿಗಳು ಎಷ್ಟೋ ಇವೆ. ಬೇಕರಿಯ ಗಲ್ಲಾದ ಮುಂದೆ ‘ಅಣ್ಣಾ, ಹನಿ ಕೇಕ್ ಎರಡು ಕೊಡಿ’ ಎಂದರೂ ನಡೆಯುತ್ತದೆ, ‘ಅನ್ನಾ, ರೆಂಡು ಇವ್ವಂಡಿ’ ಎಂದರೂ ನಡೆಯುತ್ತದೆ. ಕೊಡುವವನು ಕೇಳಿದ ಭಾಷೆಯಲ್ಲೇ ಉತ್ತರಿಸುತ್ತಾನೆ.

ಫೆಬ್ರವರಿ 14 ಹೊರಗಿನಿಂದ ಬಂದ ಹಬ್ಬ. ವ್ಯಾಲೆಂಟೈನ್ ಮೂರನೆಯ ಶತಮಾನದ ರೋಮಿನ ಕ್ರೈಸ್ತ ಹುತಾತ್ಮ; ಆ ದಿನಕ್ಕೆ ಪ್ರೇಮದ ನಂಟು ಗಟ್ಟಿಯಾದದ್ದು ಸಾವಿರ ವರ್ಷ ಕಳೆದ ಮೇಲೆ, ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಅದನ್ನು ಹಕ್ಕಿಗಳು ಜೋಡಿ ಆರಿಸಿಕೊಳ್ಳುವ ದಿನವೆಂದು ಬರೆದ ನಂತರ. ಭಾರತದ ಪೇಟೆಗಳಿಗೆ ಅದು ಬಂದದ್ದು 1990ರ ದಶಕದಲ್ಲಿ, ಗ್ರೀಟಿಂಗ್ ಕಾರ್ಡಿನ ಅಂಗಡಿ ಮತ್ತು ಕೇಬಲ್ ಟಿವಿಗಳ ಮೂಲಕ. ಆದರೆ ಪ್ರೇಮಕ್ಕೆಂದು ಒಂದು ದಿನವಿರುವುದು ಈ ನೆಲಕ್ಕೆ ಹೊಸದಲ್ಲ. ಮಾಘ ಶುದ್ಧ ಪಂಚಮಿ ವಸಂತ ಪಂಚಮಿ. ಸರಸ್ವತಿಯ ಜೊತೆಗೆ ರತಿ–ಮನ್ಮಥರನ್ನೂ ನೆನೆಯುವ ದಿನ. ಫಾಲ್ಗುಣದ ಹುಣ್ಣಿಮೆಯಂದು ಕಾಮದಹನ. 2024ರಲ್ಲಿ ವಸಂತ ಪಂಚಮಿಯೂ ಪ್ರೇಮಿಗಳ ದಿನವೂ ಒಂದೇ ದಿನ ಬಂದವು.

ಈ ದಿನಗಳಲ್ಲಿ ಕೇಕಿಗೆ ಬೇಡಿಕೆ ಬರಲು ಇದಕ್ಕಿಂತ ಹತ್ತಿರದ ಕಾರಣ ಮಾಘಮಾಸವೇ. ಜನವರಿಯ ಕೊನೆಯಿಂದ ಫೆಬ್ರವರಿಯ ಕೊನೆಯವರೆಗೆ ಹೆಚ್ಚುಕಡಿಮೆ ಮಾಘ. ಧನುರ್ಮಾಸ ಕಳೆದು, ಸುಗ್ಗಿ ಮುಗಿದು, ಕೈಯಲ್ಲಿ ನಾಲ್ಕು ಕಾಸು ಇರುವ ಕಾಲ. ಗುರುವೋ ಶುಕ್ರನೋ ಅಸ್ತವಾಗುವ ಮೂಢವಿಲ್ಲದ ವರ್ಷವಾದರೆ ಮುಹೂರ್ತಗಳಿಗೆ ಬರವಿಲ್ಲ. ಮದುವೆಗೆ ಮುಹೂರ್ತ ನೋಡುವುದು ತಿಥಿ, ನಕ್ಷತ್ರ ಹಿಡಿದು. ಮದುವೆಯಾದ ದಿನವನ್ನು ವರ್ಷ ವರ್ಷ ನೆನೆಯುವುದು ಮಾತ್ರ ಇಂಗ್ಲಿಷ್ ತಾರೀಖು ಹಿಡಿದು. ಹೀಗಾಗಿ ಮಾಘದಲ್ಲಿ ತಾಳಿ ಕಟ್ಟಿದ ದಂಪತಿಗಳ ಆನಿವರ್ಸರಿಗಳೆಲ್ಲ ಫೆಬ್ರವರಿಯಲ್ಲಿ ಬಂದು ಬೀಳುತ್ತವೆ. ಹದಿನೆಂಟರ ಹುಡುಗಿ ಗೆಳತಿಯರ ಜೊತೆ ಗುಟ್ಟಾಗಿ ನಗುತ್ತ ನೆನೆಯುವ ದಿನವೂ, ಇಪ್ಪತ್ತೈದು ವರ್ಷ ಸಂಸಾರ ಮಾಡಿದ ದಂಪತಿಗೆ ಮಕ್ಕಳು ಕೇಕ್ ತರುವ ದಿನವೂ ಒಂದೇ ವಾರದೊಳಗೆ ಬರುತ್ತವೆ. ಬೇಕರಿಯವರಿಗೆ ಎರಡೂ ಒಂದೇ ಆರ್ಡರ್ ಪುಸ್ತಕದ ಹಾಳೆ.

ಆ ವಾರ ಬೇಕರಿಗಳ ಕಪಾಟು ತುಂಬುವುದು ಹೃದಯದಾಕಾರದ ಕ್ರೀಮ್ ಕೇಕುಗಳಿಂದ. ನೋಡಲು ಚೆಂದ. ಆದರೆ ಫೆಬ್ರವರಿಯ ನಡುವಿನ ಹೊತ್ತಿಗೆ ಅನಂತಪುರದ ಕಡೆ ಮಧ್ಯಾಹ್ನದ ಬಿಸಿಲು ಬೇಸಿಗೆಯ ಲೆಕ್ಕಕ್ಕೆ ಬಂದಿರುತ್ತದೆ. ಬೈಕಿನ ಹ್ಯಾಂಡಲಿಗೆ ತೂಗುಹಾಕಿದ ಡಬ್ಬ ಹಳ್ಳಿಗೆ ಮುಟ್ಟುವಷ್ಟರಲ್ಲಿ ಕ್ರೀಮ್ ಒಂದು ಪಕ್ಕಕ್ಕೆ ಜಾರಿ, ಬರೆದ ಹೆಸರು ಅಳಿಸಿರುತ್ತದೆ. ಕೇಕಿನ ಮೇಲೆ ಬೇಕರಿಗಳು ಬಳಸುವುದು ಬಹುಪಾಲು ಹಾಲಿನ ಕೆನೆಯಲ್ಲ. ಎಣ್ಣೆಯನ್ನು ಗಟ್ಟಿಮಾಡಿ, ಸಕ್ಕರೆ ಬೆರೆಸಿ ನೊರೆಗಟ್ಟಿಸಿದ ಕ್ರೀಮ್. ಹಲ್ಲು, ಅಂಗುಳಿಗೆ ಮೆತ್ತಿಕೊಳ್ಳುವ ಆ ಜಿಡ್ಡು ಹಿರಿಯರಿಗೆ ಸೇರುವುದಿಲ್ಲ. ಇನ್ನೊಂದು ತೊಡಕು ಕಾಲದ್ದು. ಮಾಘ ಬಹುಳ ಚತುರ್ದಶಿ ಮಹಾಶಿವರಾತ್ರಿ. 2018ರಲ್ಲಿ, 2026ರಲ್ಲಿ ಅದು ಪ್ರೇಮಿಗಳ ದಿನದ ಆಚೀಚೆಗೇ ಬಂತು. ಅಂಥ ವಾರದಲ್ಲಿ ಮೊಟ್ಟೆಯ ಕೇಕ್ ಎಷ್ಟೋ ಮನೆಗಳ ಹೊಸಿಲು ದಾಟುವುದಿಲ್ಲ. ಹನಿ ಕೇಕಿಗೆ ಈ ಯಾವ ತೊಡಕೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಗುಣ ಅದರ ಆಕಾರದ್ದು. ಹೃದಯದಾಕಾರದ ಅರ್ಧ ಕಿಲೋ ಕೇಕ್ ಇಬ್ಬರಿಗಾಗಿ ಮಾಡಿದ್ದು. ಅತ್ತೆ, ಮಾವ, ನಾದಿನಿ, ಪಕ್ಕದ ಮನೆಯ ಮಕ್ಕಳು ಸುತ್ತ ನಿಂತಿರುವ ಮನೆಯಲ್ಲಿ ಅದನ್ನು ಕತ್ತರಿಸಲು ಮುಜುಗರ, ಹಂಚಲು ಸಾಲದು. ಟ್ರೇ ಕೇಕ್ ಹಾಗಲ್ಲ. ಎಂಟು ಇಂಚಿನ ಚೌಕದ ಕೇಕನ್ನು ಎರಡೆರಡು ಇಂಚಿಗೆ ಕತ್ತರಿಸಿದರೆ ಹದಿನಾರು ತುಂಡು. ಗಂಡನಿಗೊಂದು ಕೊಟ್ಟ ಮೇಲೂ ಮನೆಗೆಲ್ಲ ಉಳಿಯುತ್ತದೆ. ಎಲ್ಲರ ಬಾಯಿಗೂ ಸಿಹಿ ಬಿದ್ದಾಗ ಇಬ್ಬರ ದಿನಕ್ಕೆ ಮನೆಯವರ ಒಪ್ಪಿಗೆ ತಾನಾಗಿ ಸಿಗುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಈ ಒಪ್ಪಿಗೆ ಸಣ್ಣ ಮಾತಲ್ಲ.

ಕೆಲಸವನ್ನು ಎರಡು ದಿನಕ್ಕೆ ಹಂಚಿಕೊಳ್ಳುವುದು ಒಳ್ಳೆಯದು. ಹದಿಮೂರರ ರಾತ್ರಿ ಕೇಕ್ ಬೇಯಿಸಿಟ್ಟು, ಹದಿನಾಲ್ಕರ ಬೆಳಗ್ಗೆ ಸೀಳಿ ತುಂಬಬೇಕು. ಅಂದೇ ಬೇಯಿಸಿದ ಕೇಕ್ ಬಿಸಿಯಲ್ಲಿ ಪುಡಿಪುಡಿಯಾಗುತ್ತದೆ, ಚಾಕುವಿಗೆ ನಿಲ್ಲುವುದಿಲ್ಲ. ರಾತ್ರಿಯಿಡೀ ಮುಚ್ಚಿಟ್ಟರೆ ಒಳಗಿನ ತೇವ ಎಲ್ಲ ಕಡೆ ಸಮನಾಗಿ ಹರಡಿ ಕೇಕ್ ಗಟ್ಟಿಗೊಳ್ಳುತ್ತದೆ.

ಎಂಟು ಇಂಚಿನ ಚೌಕ ಟ್ರೇಗೆ ಬೇಕಾದದ್ದು ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ ಪುಡಿ, ಒಂದು ಕಪ್ ಗಟ್ಟಿ ಮೊಸರು, ಅರ್ಧ ಕಪ್ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ಚಮಚ ವೆನಿಲಾ ಎಸೆನ್ಸ್, ಚಿಟಿಕೆ ಉಪ್ಪು. ಎಣ್ಣೆ ಸೂರ್ಯಕಾಂತಿಯದಾದರೆ ವಾಸನೆ ಬರುವುದಿಲ್ಲ. ಗಾಣದ ಕಡಲೆಕಾಯಿ ಎಣ್ಣೆ ಈ ಸೀಮೆಯ ಹೆಮ್ಮೆಯಾದರೂ ಕೇಕಿನಲ್ಲಿ ಅದರ ಘಮ ಮುಂದಾಗಿ ಜೇನಿನ ಘಮ ಹಿಂದಾಗುತ್ತದೆ. ಮೊಸರು ಹುಳಿಯೂ ಇರಬಾರದು, ತೀರ ಸಪ್ಪೆಯೂ ಇರಬಾರದು. ಹಿಂದಿನ ದಿನ ಹೆಪ್ಪು ಹಾಕಿದ್ದು ಸರಿಹೋಗುತ್ತದೆ.

ಮೊದಲು ಮೊಸರಿಗೆ ಸಕ್ಕರೆ ಹಾಕಿ ಕರಗುವವರೆಗೆ ಕಲಸಬೇಕು. ಅದಕ್ಕೆ ಬೇಕಿಂಗ್ ಪೌಡರ್, ಸೋಡಾ ಹಾಕಿ ಐದು ನಿಮಿಷ ಬಿಟ್ಟರೆ ಪಾತ್ರೆಯಲ್ಲಿ ಗುಳ್ಳೆ ಏಳುತ್ತವೆ, ಮೊಸರು ಉಬ್ಬಿ ನೊರೆಯಾಗುತ್ತದೆ. ಮೊಸರಿನ ಹುಳಿ ಸೋಡಾದ ಜೊತೆ ಕೂಡಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಹೀಗಾಗುತ್ತದೆ. ಮೊಟ್ಟೆ ಮಾಡಬೇಕಾದ ಕೆಲಸದ ಬಹುಪಾಲನ್ನು ಈ ಗಾಳಿಯೇ ಮಾಡುತ್ತದೆ. ಹೆಚ್ಚು ಉಬ್ಬಲೆಂದು ಸೋಡಾ ಹೆಚ್ಚಿಗೆ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಹುಳಿಗೆ ಸಾಕಾಗಿ ಮಿಕ್ಕ ಸೋಡಾ ಕೇಕಿನಲ್ಲೇ ಉಳಿದು ಸಾಬೂನಿನ ರುಚಿ ಕೊಡುತ್ತದೆ, ಬಣ್ಣವನ್ನೂ ಕಂದು ಮಾಡುತ್ತದೆ. ಆಮೇಲೆ ಎಣ್ಣೆ, ಎಸೆನ್ಸ್ ಸೇರಿಸಿ, ಜರಡಿ ಹಿಡಿದ ಮೈದಾ ಮತ್ತು ಉಪ್ಪನ್ನು ಮೂರು ಸಲವಾಗಿ ಬೆರೆಸಬೇಕು. ಹಿಟ್ಟು ದೋಸೆ ಹಿಟ್ಟಿಗಿಂತ ಗಟ್ಟಿ, ಚಮಚದಿಂದ ಎತ್ತಿ ಬಿಟ್ಟರೆ ಮಡಿಕೆ ಮಡಿಕೆಯಾಗಿ ಬೀಳುವ ಹದಕ್ಕಿರಬೇಕು. ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಬೇಕು. ಚಪಾತಿ ಹಿಟ್ಟಿಗೆ ಒಳ್ಳೆಯದಾದ ನಾದುವಿಕೆ ಇಲ್ಲಿ ಕೆಟ್ಟದ್ದು. ಕಲಸಿದಷ್ಟೂ ಮೈದಾದ ಅಂಟು ಬಲಿತು ಕೇಕ್ ರಬ್ಬರಿನಂತಾಗುತ್ತದೆ.

ಹಿಟ್ಟು ಸಿದ್ಧವಾದ ಮೇಲೆ ತಡಮಾಡುವಂತಿಲ್ಲ. ಎದ್ದ ಗಾಳಿ ಇಳಿದುಹೋಗುತ್ತದೆ. ಒವನ್ ಮೊದಲೇ 180 ಡಿಗ್ರಿಗೆ ಕಾದಿರಬೇಕು, ಟ್ರೇಗೆ ಎಣ್ಣೆ ಸವರಿ ತಳಕ್ಕೆ ಬಟರ್ ಪೇಪರ್ ಹಾಸಿರಬೇಕು. ಹಿಟ್ಟು ಸುರಿದು, ಟ್ರೇಯನ್ನು ಕಟ್ಟೆಯ ಮೇಲೆ ಒಂದೆರಡು ಸಲ ಮೆಲ್ಲಗೆ ತಟ್ಟಿ, ನಡುವಿನ ಅಂತಸ್ತಿನಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಬೇಯಿಸಬೇಕು. ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ, ಅಂಚು ಟ್ರೇ ಬಿಟ್ಟಿದ್ದರೆ ಬೆಂದಂತೆ. ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆಗೆಯಬಾರದು. ಒಳಗೆ ಎದ್ದು ನಿಂತ ಹಿಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ. ತಣ್ಣನೆಯ ಗಾಳಿ ನುಗ್ಗಿದರೆ ನಡುಭಾಗ ಕುಸಿಯುತ್ತದೆ.

ಒವನ್ ಇಲ್ಲದ ಮನೆಗಳೇ ಹೆಚ್ಚು. ಅಲ್ಲಿ ದೊಡ್ಡ ಕುಕ್ಕರ್ ಅಥವಾ ಮುಚ್ಚಳವಿರುವ ದಪ್ಪ ತಳದ ಬಾಣಲೆ ಸಾಕು. ತಳದಲ್ಲಿ ಒಂದೂವರೆ ಕಪ್ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಕೇಕಿನ ಪಾತ್ರೆ ಇಳಿಸಬೇಕು. ಕುಕ್ಕರಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆಯಲೇಬೇಕು. ನೀರಿಲ್ಲದ ಕುಕ್ಕರನ್ನು ಬಿಗಿಯಾಗಿ ಮುಚ್ಚಿ ಕಾಯಿಸುವುದು ಅಪಾಯ. ಉರಿ ಸಣ್ಣಗಿರಲಿ, ನಲವತ್ತೈದು ನಿಮಿಷದ ಸುಮಾರಿಗೆ ಕಡ್ಡಿ ಚುಚ್ಚಿ ನೋಡಬೇಕು. ಚೌಕ ಟ್ರೇ ಕುಕ್ಕರಿಗೆ ಹಿಡಿಯುವುದಿಲ್ಲವಾದ್ದರಿಂದ ದುಂಡು ಪಾತ್ರೆಯೇ ಗತಿ. ಬೆಂದ ಮೇಲೆ ನಾಲ್ಕು ಕಡೆ ಕತ್ತರಿಸಿ ಚೌಕ ಮಾಡಿಕೊಳ್ಳಬಹುದು. ಉಳಿದ ಅಂಚುಗಳನ್ನು ಜಾಮಿನೊಂದಿಗೆ ಕಲಸಿ ಉಂಡೆ ಕಟ್ಟಿ, ಕೊಬ್ಬರಿಯಲ್ಲಿ ಹೊರಳಿಸಿದರೆ ಮಕ್ಕಳಿಗೆ ಅದೇ ಬೇರೆ ತಿಂಡಿ. ಕುಕ್ಕರಿನ ಕೇಕಿಗೆ ಮೇಲ್ಗಡೆ ಕೆಂಪು ಬಣ್ಣ ಬರುವುದಿಲ್ಲ. ಹೇಗೂ ಜಾಮ್ ಮುಚ್ಚುವುದರಿಂದ ಅದೊಂದು ಕೊರತೆಯೆನಿಸುವುದಿಲ್ಲ.

ಬೆಳಗ್ಗೆ ಮೊದಲ ಕೆಲಸ ಪಾಕ. ಅರ್ಧ ಕಪ್ ನೀರಿಗೆ ಕಾಲು ಕಪ್ ಸಕ್ಕರೆ ಹಾಕಿ ಒಂದು ಕುದಿ ಬಂದರೆ ಸಾಕು. ಇದನ್ನು ಒಂದೆಳೆಗೆ ತರುವ ಅಗತ್ಯವಿಲ್ಲ; ಜಾಮೂನಿನ ಅಭ್ಯಾಸದಲ್ಲಿ ಎಳೆ ನೋಡುತ್ತ ಕುದಿಸಿದರೆ ಪಾಕ ಕೇಕಿನೊಳಗೆ ಇಳಿಯದೆ ಮೇಲೆಯೇ ಹರಳುಗಟ್ಟುತ್ತದೆ. ಉರಿ ಆರಿಸಿ, ಉಗುರುಬೆಚ್ಚಗಾದ ಮೇಲೆ ಮೂರು ದೊಡ್ಡ ಚಮಚ ಜೇನು ಬೆರೆಸಬೇಕು. ಜೇನನ್ನು ಕುದಿಸಿದರೆ ಅದರ ಹೂವಿನ ಘಮವೆಲ್ಲ ಆವಿಯ ಜೊತೆ ಹೋಗಿ ಬರೀ ಸಿಹಿ ಉಳಿಯುತ್ತದೆ. ಅಂಗಡಿಯ ಹನಿ ಕೇಕಿನಲ್ಲಿ ಸಕ್ಕರೆಯ ಪಾಲೇ ದೊಡ್ಡದು, ಜೇನು ಹೆಸರಿಗಷ್ಟೆ. ಎಷ್ಟೋ ಕಡೆ ರೋಸ್ ಎಸೆನ್ಸ್ ಆ ಜಾಗ ತುಂಬುತ್ತದೆ. ಮನೆಯಲ್ಲಿ ಮಾಡುವುದರ ನಿಜವಾದ ಲಾಭ ಇಲ್ಲಿದೆ. ಒಳ್ಳೆಯ ಜೇನು ಮೂರು ಚಮಚ ಬಿದ್ದ ಕೇಕಿಗೆ ಎಸೆನ್ಸಿನ ನೆರವು ಬೇಡ. ಮನೆಯಲ್ಲಿ ವರ್ಷ ತುಂಬದ ಕೂಸಿದ್ದರೆ ಮಾತ್ರ ಅದಕ್ಕೆ ಈ ಕೇಕ್ ನೆಕ್ಕಿಸಬಾರದು. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳನ್ನು ಅಷ್ಟು ಚಿಕ್ಕ ಮಗುವಿನ ಕರುಳು ತಡೆಯಲಾರದು. ಪಾಕದ ಬಿಸಿಗೂ ಅವು ಸಾಯುವುದಿಲ್ಲ.

ಕೇಕನ್ನು ಅಡ್ಡಲಾಗಿ ಸೀಳಲು ಉದ್ದ ಚಾಕುವಿಗಿಂತ ದಾರ ಒಳ್ಳೆಯದು. ಹೂ ಕಟ್ಟುವ ದಾರ ಬೇಡ, ಅದರ ನಾರು ಕೇಕಿನಲ್ಲಿ ಉಳಿಯುತ್ತದೆ. ಹೊಲಿಗೆಯ ಗಟ್ಟಿ ಬಿಳಿ ದಾರ ತೆಗೆದುಕೊಳ್ಳಬೇಕು. ಕೇಕಿನ ಎತ್ತರದ ಅರ್ಧಕ್ಕೆ ಸರಿಯಾಗಿ ನಾಲ್ಕೂ ಕಡೆ ಟೂತ್‌ಪಿಕ್ ಚುಚ್ಚಿ, ಅವುಗಳ ಮೇಲೆ ಕೂರುವಂತೆ ದಾರ ಸುತ್ತಿ, ಎರಡು ತುದಿಗಳನ್ನು ಮುಂದೆ ತಂದು ಕತ್ತರಿಯಾಗಿ ದಾಟಿಸಿ ಎಳೆಯುತ್ತ ಹೋದರೆ ದಾರ ಕೇಕನ್ನು ಕೊಯ್ದುಕೊಂಡು ಹೊರಬರುತ್ತದೆ. ಪದರ ಎರಡೂ ಒಂದೇ ದಪ್ಪ, ಮೇಲ್ಮೈ ನಯ. ಮೇಲಿನ ಪದರವನ್ನು ಕೈಯಲ್ಲಿ ಎತ್ತಿದರೆ ನಡುವೆ ಮುರಿಯುತ್ತದೆ. ರಟ್ಟಿನ ಹಾಳೆಯೊಂದನ್ನು ನಡುವೆ ತೂರಿಸಿ ಜಾರಿಸಿಕೊಳ್ಳಬೇಕು.

ಎರಡು ಪದರಗಳ ಕೊಯ್ದ ಮುಖಕ್ಕೂ ಪಾಕವನ್ನು ಚಮಚ ಚಮಚವಾಗಿ ಹಾಕಬೇಕು. ಅಂಚುಗಳು ಒವನ್‌ನಲ್ಲಿ ಹೆಚ್ಚು ಒಣಗಿರುತ್ತವೆ, ಅವಕ್ಕೆ ಒಂದು ಚಮಚ ಹೆಚ್ಚಿಗೆ ಬೇಕು. ಒಂದೇ ಸಲ ಸುರಿದರೆ ಬಿದ್ದ ಜಾಗ ಕೆಸರಾಗಿ ಬೇರೆ ಕಡೆ ಒಣಗಿಯೇ ಉಳಿಯುತ್ತದೆ. ಹಾಕಿ, ಹೀರಲು ಬಿಟ್ಟು, ಬೆರಳಿನಿಂದ ಒತ್ತಿ ನೋಡಬೇಕು. ಮೇಲೆ ತೇವ ಕಂಡು ಬೆರಳಿಗೆ ನೀರು ಬರದಿದ್ದರೆ ಹದ ಸರಿ.

ಹೂರಣದ ವಿಷಯಕ್ಕೆ ಬಂದರೆ, ಜಾಮ್ ಎಲ್ಲಕ್ಕಿಂತ ಸುಲಭ. ಅರ್ಧ ಕಪ್ ಮಿಕ್ಸ್‌ಡ್ ಫ್ರೂಟ್ ಜಾಮ್‌ಗೆ ಎರಡು ಚಮಚ ನೀರು ಹಾಕಿ ಬೆಚ್ಚಗೆ ಮಾಡಿದರೆ ಸವರಲು ಬರುತ್ತದೆ. ಆದರೆ ಮೇಲೆಯೂ ಜಾಮ್, ಒಳಗೂ ಜಾಮ್ ಎಂದರೆ ತಿನ್ನುವವರಿಗೆ ಒಳಗೇನಿದೆ ಎಂಬ ಕುತೂಹಲವೇ ಇರುವುದಿಲ್ಲ. ಈ ಎರಡು ಊರುಗಳ ಕೇಕಿಗೆ ಒಪ್ಪುವ ಹೂರಣ ಕಡಲೆಕಾಯಿ–ಬೆಲ್ಲದ್ದು. ಕಲ್ಯಾಣದುರ್ಗದ ಸುತ್ತಿನ ಕೆಂಪು ನೆಲ ಕಡಲೆಕಾಯಿಯದು. ವರ್ಷಕ್ಕೆ ಐನೂರೈವತ್ತು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಅನಂತಪುರ ಸೀಮೆ, ಮಳೆಯನ್ನೇ ನಂಬಿ, ದೇಶದಲ್ಲಿ ಅತಿ ಹೆಚ್ಚು ಕಡಲೆಕಾಯಿ ಬಿತ್ತುವ ನಾಡುಗಳಲ್ಲಿ ಒಂದೆಂದು ಹೆಸರಾಗಿದೆ. ಕದಿರಿಯ ಸಂಶೋಧನಾ ಕೇಂದ್ರದ ತಳಿಗಳು ಆ ಊರಿನ ಹೆಸರಿನಲ್ಲೇ ಹೊಲ ಹೊಲಕ್ಕೂ ಹೋಗಿವೆ. ಇನ್ನು ಹಿಂದೂಪುರ ಹಳೆಯ ಕಾಲದಿಂದ ಬೆಲ್ಲದ ವ್ಯಾಪಾರದ ಊರು. ಮಂಡಿಗಳಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿಯ ಜೊತೆ ಬೆಲ್ಲದ ಉಂಡೆಗಳೂ ಲಾರಿ ಏರುತ್ತವೆ. ಒಂದು ಊರಿನ ಕಾಳು, ಇನ್ನೊಂದು ಊರಿನ ಬೆಲ್ಲ ಎರಡೂ ಸೇರಿದ ಹೂರಣವನ್ನು ಬೇರೆ ಸೀಮೆಯ ಕೇಕ್ ಕೊಡಲಾರದು.

ಅದರ ವಿಧಾನ ಶೇಂಗಾ ಹೋಳಿಗೆ ಮಾಡಿದವರಿಗೆ ಗೊತ್ತಿರುವಂಥದ್ದೇ. ಒಂದು ಕಪ್ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ಚಿಟಿಚಿಟಿ ಎನ್ನುವವರೆಗೆ ಹುರಿಯಬೇಕು. ಆತುರಕ್ಕೆ ಉರಿ ಹೆಚ್ಚಿಸಿದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಹಸಿ ವಾಸನೆ ಕೇಕಿನಲ್ಲಿ ಎದ್ದು ಕಾಣುತ್ತದೆ. ಆರಿದ ಮೇಲೆ ಕೈಯಲ್ಲಿ ಉಜ್ಜಿ ಸಿಪ್ಪೆ ಕೇರಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ತರಿಯಾಗಿ ಪುಡಿ ಮಾಡಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅರ್ಧ ಕಪ್ ಬೆಲ್ಲದ ಪುಡಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಕರಗಿಸಿ, ಕಸ ಮಣ್ಣು ಉಳಿಯದಂತೆ ಶೋಧಿಸಿ, ಮತ್ತೆ ಒಲೆಗಿಟ್ಟು ನೊರೆ ಬಂದ ಕೂಡಲೇ ಇಳಿಸಬೇಕು. ಅದಕ್ಕೆ ಪುಡಿ, ಎರಡು ಏಲಕ್ಕಿಯ ಪುಡಿ, ಒಂದು ಚಮಚ ತುಪ್ಪ ಸೇರಿಸಿ ಕಲಸಿದರೆ, ಚಮಚದಿಂದ ತಡವಾಗಿ ಜಾರಿ ಬೀಳುವ ಹೂರಣ ಆಗುತ್ತದೆ. ಬೆಲ್ಲ ಪಾಕಕ್ಕೆ ಬಂದುಬಿಟ್ಟರೆ ಆರಿದ ಮೇಲೆ ಚಿಕ್ಕಿಯಾಗಿ ಕೇಕನ್ನು ಹರಿಯುತ್ತದೆ, ಹಾಗಾಗಿ ನೊರೆ ಕಂಡೊಡನೆ ಇಳಿಸುವುದೇ ಮುಖ್ಯ. ಬೆಚ್ಚಗಿರುವಾಗಲೇ ಕೆಳಪದರದ ಮೇಲೆ ಕಾಲು ಇಂಚು ದಪ್ಪಕ್ಕೆ ಹರಡಬೇಕು. ಅಂಚಿನಲ್ಲಿ ಅರ್ಧ ಇಂಚು ಬಿಡಬೇಕು, ಮೇಲಿನ ಪದರ ಕೂತಾಗ ಅದು ತಾನೇ ಅಂಚಿಗೆ ಬರುತ್ತದೆ. ಹೀಗೆ ಮುಚ್ಚಿದ ಕೇಕಿನ ಮೇಲೆ ತಟ್ಟೆಯೊಂದನ್ನು ಬೋರಲು ಹಾಕಿ ಅರ್ಧ ಗಂಟೆ ಬಿಟ್ಟರೆ ಪದರಗಳು ಹೊಂದಿಕೊಳ್ಳುತ್ತವೆ.

ಮೇಲಿನ ಕೆಂಪು ಬಣ್ಣ ಬೆಚ್ಚಗಿನ ಜಾಮಿನದು, ಬೇರೆ ಬಣ್ಣ ಬೇಡ. ಕೇಕೇ ಕೆಂಪಾಗಿರಲೆಂದು ಹಿಟ್ಟಿಗೆ ಬೀಟ್‌ರೂಟ್ ರಸ ಸೇರಿಸುವವರಿದ್ದಾರೆ. ಕಲಸುವಾಗ ಗುಲಾಬಿಯಾಗಿ ಕಾಣುವ ಹಿಟ್ಟು ಬೆಂದು ಹೊರಬರುವಾಗ ಮಾಸಲು ಕಂದು. ಬೀಟ್‌ರೂಟಿನ ಬಣ್ಣ ಒವನ್ನಿನ ಬಿಸಿಗೂ ಸೋಡಾಕ್ಕೂ ನಿಲ್ಲುವುದಿಲ್ಲ. ಅಷ್ಟೇ ಆಸೆಯಿದ್ದರೆ ನಾಲ್ಕು ಚಮಚ ರಸವನ್ನು ಮೇಲಿನ ಜಾಮಿಗೆ ಬೆರೆಸಿ ಬೆಚ್ಚಗೆ ಮಾಡಬಹುದು, ಅಲ್ಲಿ ಬಣ್ಣ ಉಳಿಯುತ್ತದೆ.

ಹೃದಯದ ಗುರುತು ಬೇಕೆನ್ನುವುದು ಸಹಜ. ಇಡೀ ಕೇಕಿಗೆ ಒಂದೇ ದೊಡ್ಡ ಹೃದಯ ಬರೆದರೆ ಕತ್ತರಿಸುವಾಗ ಅದು ನಾಲ್ಕಾರು ಚೂರಾಗುತ್ತದೆ, ಮನೆಯ ಹಿರಿಯರು ಅದನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲಿ ಹುರುಳಿದೆ. ತುಂಡಿಗೊಂದರಂತೆ ಹದಿನಾರು ಚಿಕ್ಕ ಹೃದಯಗಳೇ ಚೆಂದ. ಮಾಘಮಾಸದಲ್ಲಿ ಎಲ್ಲ ಮನೆಯಲ್ಲೂ ಲಗ್ನಪತ್ರಿಕೆಗಳು ರಾಶಿ ಬಿದ್ದಿರುತ್ತವೆ. ಮುಹೂರ್ತ ಮುಗಿದ ಒಂದು ಪತ್ರಿಕೆಯ ಗಟ್ಟಿ ಕಾಗದ ಆರಿಸಿ, ಮಡಿಸಿ, ಅರ್ಧ ಹೃದಯ ಬರೆದು ಕತ್ತರಿಸಿದರೆ ಬಿಡಿಸಿದಾಗ ನಡುವೆ ಪೂರ್ತಿ ಹೃದಯದ ಕಿಟಕಿ ತೆರೆಯುತ್ತದೆ. ಕಾಗದ ನೇರವಾಗಿ ಜಾಮ್ ಮೇಲೆ ಕೂತರೆ ಅಂಟಿಕೊಂಡು ಎತ್ತುವಾಗ ಜಾಮನ್ನೂ ಕಿತ್ತುಕೊಂಡು ಬರುತ್ತದೆ. ಆದ್ದರಿಂದ ತುಂಡಿನ ನಾಲ್ಕು ಮೂಲೆಗೆ ಟೂತ್‌ಪಿಕ್ ಚುಚ್ಚಿ, ಕಾಗದವನ್ನು ಅವುಗಳ ಮೇಲೆ, ಜಾಮಿಗೆ ಕೂದಲೆಳೆಯ ಅಂತರದಲ್ಲಿ ಇಡಬೇಕು. ಆಮೇಲೆ ಒಣಕೊಬ್ಬರಿಯ ನುಣ್ಣನೆಯ ತುರಿಯನ್ನು ಟೀ ಸೋಸುವ ಜರಡಿಯಿಂದ ಕಿಟಕಿಯ ಮೇಲೆ ಮೆಲ್ಲಗೆ ತಟ್ಟಬೇಕು. ಕೆಂಪಿನ ಮೇಲೆ ಬಿಳಿಯ ಹೃದಯ ಮೂಡುತ್ತದೆ. ಹಸಿ ತೆಂಗಿನ ತುರಿ ಬಳಸಬಾರದು. ಸಂಜೆಗೆ ಹುಳಿ ವಾಸನೆ ಬರುತ್ತದೆ, ಮರುದಿನಕ್ಕೆ ಕೇಕೇ ಕೆಡುತ್ತದೆ.

ಕತ್ತರಿಸುವ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೇ ಒತ್ತಿಗೆ ಇಳಿಸಬೇಕು. ಹಿಂದೆಮುಂದೆ ಆಡಿಸಿದರೆ ಕಡಲೆಕಾಯಿ ತರಿ ಹೊರಬಂದು ಬಿಳಿಯ ಮೇಲೆ ಕಂದು ಗೆರೆ ಎಳೆಯುತ್ತದೆ. ಹೃದಯ ಬರೆಯುವ ಮೊದಲೇ ಚಾಕುವಿನಿಂದ ಹದಿನಾರು ಚೌಕಗಳ ಗುರುತು ಹಾಕಿಟ್ಟರೆ ಕೆಲಸ ಸಲೀಸು. ನಿಶ್ಚಿತಾರ್ಥಕ್ಕೋ ಮೂವತ್ತು ಜನರ ಕೂಟಕ್ಕೋ ಆದರೆ ಹದಿಮೂರು–ಒಂಬತ್ತು ಇಂಚಿನ ಟ್ರೇ ತೆಗೆದುಕೊಂಡು ಎಲ್ಲ ಅಳತೆಯನ್ನೂ ಇಮ್ಮಡಿ ಮಾಡಬೇಕು. ಟ್ರೇಯ ಹರವು ಇಮ್ಮಡಿಗಿಂತ ಸ್ವಲ್ಪ ಕಡಿಮೆಯಿರುವುದರಿಂದ ಕೇಕ್ ಚೂರು ದಪ್ಪವಾಗುತ್ತದೆ, ಬೇಯಲು ಐದಾರು ನಿಮಿಷ ಹೆಚ್ಚು ಬೇಕು.

ಈ ಕೇಕ್ ದಾರಿಗೂ ಒದಗುತ್ತದೆ. ಹಿಂದೂಪುರದಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ ವಿಜಯನಗರದ ಕಾಲದ ವೀರಭದ್ರ ದೇವಾಲಯವಿದೆ. ಅದರ ಆವರಣದಲ್ಲಿ ಶಿವ–ಪಾರ್ವತಿಯರ ಮದುವೆಯ ಶಿಲ್ಪಗಳಿರುವ ಕಂಬಗಳ ಕಲ್ಯಾಣಮಂಟಪ ಚಾವಣಿಯಿಲ್ಲದೆ ಅರ್ಧಕ್ಕೇ ನಿಂತಿದೆ. ಆನಿವರ್ಸರಿಯ ದಿನ ಅಲ್ಲಿಗೆ ಹೋಗಿಬರುವ ದಂಪತಿಗಳ ಚೀಲದಲ್ಲಿ ಕ್ರೀಮ್ ಕೇಕ್ ಉಳಿಯದು. ಸ್ಟೀಲ್ ಡಬ್ಬದಲ್ಲಿ ಬಟರ್ ಪೇಪರ್ ಹಾಸಿ ಒಂದೇ ಸಾಲಾಗಿ ಜೋಡಿಸಿದ ಹನಿ ಕೇಕಿಗೆ ಮಧ್ಯಾಹ್ನದ ಬಿಸಿಲೂ ಏನೂ ಮಾಡುವುದಿಲ್ಲ. ಒಂದರ ಮೇಲೊಂದು ಪೇರಿಸಿದರೆ ಮಾತ್ರ ಜಾಮ್ ಮೇಲಿನ ತುಂಡಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಕಲ್ಯಾಣದುರ್ಗದ ತವರಿಗೆ ಬಸ್ಸಿನಲ್ಲಿ ಒಯ್ಯುವುದಾದರೂ ಅದೇ ಡಬ್ಬ ಸಾಕು.

ಹೊರಗಿಟ್ಟರೆ ಒಂದು ದಿನ, ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ನಾಲ್ಕು ದಿನ ಇರುತ್ತದೆ. ಎರಡನೆಯ ದಿನ ಪಾಕ ಎಲ್ಲ ಕಡೆ ಇಳಿದು, ಬೆಲ್ಲ ಕೇಕಿಗೆ ಹತ್ತಿ ರುಚಿ ಮೊದಲ ದಿನಕ್ಕಿಂತ ಮೇಲಾಗುತ್ತದೆ. ಫ್ರಿಜ್‌ನಿಂದ ತೆಗೆದ ತುಂಡು ಗಟ್ಟಿಯಾಗಿರುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಮೂರನೆಯ ದಿನಕ್ಕೆ ಅಂಚು ಒಣಗಿದರೆ, ಉಳಿಸಿಕೊಂಡ ಪಾಕವನ್ನು ಅರ್ಧ ಚಮಚ ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟು ಕೊಡಬಹುದು.